ಹೈಬ್ರಿಡ್ ಬೀಜದಲ್ಲಿ ಬೆಳೆದ ತರಕಾರಿ ಮನೆಯ ಊಟಕ್ಕೆ ಆಗುತ್ತದೆಯೇ?

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕಿನ ಹಳ್ಳಿ. ಮನೆಯ ಮಟ್ಟಿಗೆ ಸೊಪ್ಪು, ತರಕಾರಿಯನ್ನು ಹಿತ್ತಲಲ್ಲೇ ಬೆಳೆದುಕೊಳ್ಳಬೇಕೆಂಬ ಆಸೆ ಇದೆ. ಆದರೆ ಅಂಗಡಿಯಲ್ಲಿ ಸಿಗುವುದೆಲ್ಲ ಹೈಬ್ರಿಡ್ ಬೀಜ. ಅದರಲ್ಲಿ ಬೆಳೆದದ್ದು ಆರೋಗ್ಯಕ್ಕೆ ಹಾಳು, ಮಕ್ಕಳಿಗೆ ಕೊಡಲೇಬಾರದು ಎನ್ನುತ್ತಾರೆ ನಮ್ಮ ಅತ್ತೆ. ನಾಟಿ ಬೀಜ ಎಲ್ಲಿ ಸಿಗುತ್ತದೆ? ಸರ್ಕಾರದಿಂದ ಏನಾದರೂ ನೆರವು ಇದೆಯೇ?

ಉತ್ತರ: ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಈ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಊರು ಬೇರೆ, ಕೇಳುವವರು ಬೇರೆ, ಆದರೆ ಹೈಬ್ರಿಡ್ ಎಂದರೆ ವಿಷ ಎಂಬ ನಂಬಿಕೆ ಮಾತ್ರ ಎಲ್ಲರಲ್ಲೂ ಒಂದೇ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಈ ಭಯದಿಂದಾಗಿಯೇ ಎಷ್ಟೋ ಮನೆಗಳ ಹಿತ್ತಲು ಬೀಳುಬಿದ್ದಿರುವುದನ್ನು ಕಂಡಿರುವುದರಿಂದ ಈ ಬಾರಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೆರವಿನ ಮಾತನ್ನು ಮೊದಲು ಮುಗಿಸೋಣ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಕೃಷಿ ಇಲಾಖೆಗೆ ಸೇರಿದ್ದು. ಅಲ್ಲಿ ರಿಯಾಯಿತಿ ದರದಲ್ಲಿ ಸಿಗುವುದು ರಾಗಿ, ಭತ್ತ, ಮುಸುಕಿನ ಜೋಳ, ತೊಗರಿ, ಅಲಸಂದೆಯಂತಹ ಹೊಲದ ಬೆಳೆಗಳ ಬೀಜ. ತರಕಾರಿಯ ವಿಚಾರವೆಲ್ಲ ತೋಟಗಾರಿಕೆ ಇಲಾಖೆಗೆ ಸೇರಿದ್ದು, ಅದರ ಕಚೇರಿ ತಾಲ್ಲೂಕು ಕೇಂದ್ರದಲ್ಲಿದೆ. ಒಂದು ಕಚೇರಿಯಲ್ಲಿ ಕೇಳಬೇಕಾದುದನ್ನು ಇನ್ನೊಂದರಲ್ಲಿ ಕೇಳಿ, ಬರಿಗೈಯಲ್ಲಿ ಹಿಂದಿರುಗಿ, ಸರ್ಕಾರದಿಂದ ಏನೂ ಸಿಗುವುದಿಲ್ಲ ಎಂದು ಬೇಸರಪಟ್ಟುಕೊಳ್ಳುವವರು ಬಹಳ ಮಂದಿ. ಯಾವ ಕಚೇರಿಗೆ ಹೋದರೂ ಪಹಣಿ, ಆಧಾರ್ ಮತ್ತು ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಜೊತೆಯಲ್ಲಿರಲಿ. ಸಲಹೆಗೆ ಹಾಸನದ ಹತ್ತಿರ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಚಿಕ್ಕಮಗಳೂರು ಜಿಲ್ಲೆಯವರಿಗೆ ಮೂಡಿಗೆರೆಯಲ್ಲಿದೆ. ತರಕಾರಿ ಬೀಜವನ್ನೇ ಕೊಳ್ಳುವುದಾದರೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತನ್ನ 'ಅರ್ಕಾ' ತಳಿಗಳ ಬೀಜವನ್ನು ಆನ್‌ಲೈನ್‌ನಲ್ಲೂ ಮಾರುತ್ತದೆ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಕಾಳಜಿ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಭಯಕ್ಕೆ ಆಧಾರವಿಲ್ಲ.

ಹೈಬ್ರಿಡ್ ಎಂದರೆ ಒಂದೇ ಬೆಳೆಯ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರಿನ ಬೀಜ, ಅಷ್ಟೇ. ಈ ಕೆಲಸ ನಡೆಯುವುದು ಯಾವುದೋ ರಾಸಾಯನಿಕ ಕಾರ್ಖಾನೆಯಲ್ಲಿ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ನಡೆಯುವುದು ಹೊಲದಲ್ಲಿ. ರಾಣೆಬೆನ್ನೂರು ಕಡೆಗೆ ಹೋದರೆ ನೀವೇ ಕಣ್ಣಾರೆ ಕಾಣಬಹುದು. ನಾಳೆ ಬೆಳಿಗ್ಗೆ ಅರಳಲಿರುವ ಟೊಮೆಟೊ ಮೊಗ್ಗನ್ನು ಹೆಣ್ಣುಮಗಳೊಬ್ಬಳು ಎರಡು ಬೆರಳಲ್ಲಿ ಹಿಡಿದು, ಚಿಮುಟದಿಂದ ಮೆಲ್ಲಗೆ ಬಿಡಿಸಿ, ಒಳಗಿನ ಗಂಡು ಭಾಗವನ್ನಷ್ಟೇ ಕಿತ್ತು ತೆಗೆಯುತ್ತಾಳೆ. ಮಾರನೆಯ ದಿನ ಇನ್ನೊಂದು ತಳಿಯ ಹೂವಿನ ಪರಾಗವನ್ನು ತಂದು ಅದೇ ಹೂವಿನ ತುದಿಗೆ ಸವರುತ್ತಾಳೆ. ಆ ಹೂವು ಕಾಯಾಗಿ, ಹಣ್ಣಾಗಿ, ಅದರಿಂದ ತೆಗೆದ ಬೀಜವೇ ಪೊಟ್ಟಣದ ಹೈಬ್ರಿಡ್ ಬೀಜ. ಜೇನುನೊಣವೂ ಮಾಡುವ ಕೆಲಸವನ್ನು ಇಲ್ಲಿ ಮನುಷ್ಯರ ಕೈ ಲೆಕ್ಕವಿಟ್ಟು ಮಾಡುತ್ತದೆ. ಇದರಲ್ಲಿ ವಿಷ ಸೇರುವುದು ಎಲ್ಲಿಂದ?

ಹೈಬ್ರಿಡ್ ಮತ್ತು ಕುಲಾಂತರಿ ಎರಡೂ ಒಂದೇ ಎಂದು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಕುಲಾಂತರಿಯೆಂದರೆ ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸಿದ ಬೆಳೆ. ನಮ್ಮ ದೇಶದಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವೇ ತಡೆ ಹಾಕಿತು. ಯಾವುದೇ ಕುಲಾಂತರಿ ತರಕಾರಿಯ ಬೀಜವನ್ನು ಮಾರಲು ಇಲ್ಲಿ ಅನುಮತಿಯಿಲ್ಲ. ಕುಲಾಂತರಿಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅಂಗಡಿಯ ಹೈಬ್ರಿಡ್ ಬೆಂಡೆಯ ಪೊಟ್ಟಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಭಯದ ನಿಜವಾದ ಬೇರು ಎಲ್ಲಿದೆ ಎಂಬುದು ನನಗೆ ಅರ್ಥವಾದದ್ದು ಚನ್ನರಾಯಪಟ್ಟಣದ ಹತ್ತಿರ ನಡೆದ ಒಂದು ಮಹಿಳಾ ಸಂಘದ ಸಭೆಯಲ್ಲಿ. ಅಲ್ಲಿ ಒಬ್ಬ ತಾಯಿ ಬೀಜದ ಪೊಟ್ಟಣ ಹರಿದು, ಅಂಗೈ ಮೇಲೆ ಸುರಿದುಕೊಂಡು, ನನ್ನ ಮುಂದೆ ಹಿಡಿದರು. ಬೀಜದ ಬಣ್ಣ ಕಡು ಗುಲಾಬಿ. ಪೊಟ್ಟಣದ ಮೇಲೆ ವಿಷ ಎಂಬ ಎಚ್ಚರಿಕೆ. "ನೋಡಿ ಸ್ವಾಮಿ, ಅವರೇ ಬರೆದಿದ್ದಾರೆ, ಇನ್ನೇನು ಬೇಕು" ಎಂದರು. ಅವರು ಕಂಡದ್ದು ಸರಿ, ಅರ್ಥ ಮಾಡಿಕೊಂಡದ್ದು ತಪ್ಪು. ಆ ಬಣ್ಣ ಬೀಜೋಪಚಾರದ್ದು. ಮಣ್ಣಿನಲ್ಲಿ ಮೊಳೆಯುವಾಗ ಬೀಜ ಕೊಳೆಯದಿರಲೆಂದು ಥೈರಮ್‌ನಂತಹ ಶಿಲೀಂಧ್ರನಾಶಕವನ್ನು ಲೇಪಿಸಿ, ಯಾರೂ ಅದನ್ನು ತಿನ್ನುವ ಕಾಳೆಂದು ತಿಳಿಯಬಾರದೆಂದು ಬಣ್ಣ ಹಾಕಿರುತ್ತಾರೆ. ಎಚ್ಚರಿಕೆ ಬೀಜವನ್ನು ತಿನ್ನುವುದಕ್ಕೆ ಸಂಬಂಧಿಸಿದ್ದು. ಎರಡು ತಿಂಗಳ ನಂತರ ಬಳ್ಳಿಯಲ್ಲಿ ಬಿಡುವ ಕಾಯಿಗೆ ಅದು ಅನ್ವಯಿಸುವುದಿಲ್ಲ. ನಾಟಿ ಬೀಜಕ್ಕೂ ಇದೇ ಉಪಚಾರ ಮಾಡಬಹುದು, ಉಪಚಾರವಿಲ್ಲದ ಹೈಬ್ರಿಡ್ ಬೀಜವೂ ಇರಬಹುದು. ನೀವು ಮಾಡಬೇಕಾದದ್ದಿಷ್ಟು: ಬಿತ್ತಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಉಳಿದ ಬೀಜ ಮಕ್ಕಳ ಕೈಗೂ ಕೋಳಿಯ ಬಾಯಿಗೂ ಸಿಗದಂತೆ ಎತ್ತಿಡಿ.

ನಾಟಿ ಎಂಬ ಮಾತನ್ನೂ ಸ್ವಲ್ಪ ನೋಡೋಣ. ನಿಮ್ಮ ಮನೆಯ ಮುದ್ದೆಯ ರಾಗಿ ಜಿಪಿಯು-28 ಎಂಬ ತಳಿಯದಾಗಿದ್ದರೆ ಆಶ್ಚರ್ಯವಿಲ್ಲ, ನಮ್ಮ ಜಿಲ್ಲೆಯಲ್ಲಿ ಅದು ಅಷ್ಟು ಬಳಕೆಯಲ್ಲಿದೆ. ಅದರ ವಂಶದಲ್ಲಿ ಇಂಡಾಫ್-5 ಇದೆ. ಇಂಡಾಫ್ ಎಂದರೆ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಪಡೆದ ತಳಿಗಳ ಸಾಲು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅದನ್ನು ಸಾಧಿಸಿದವರನ್ನು ನಾಡಿನ ರೈತರು ಇಂದಿಗೂ ರಾಗಿ ಲಕ್ಷ್ಮಣಯ್ಯ ಎಂದೇ ನೆನೆಯುತ್ತಾರೆ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ಅದನ್ನು ಸಂಕರ ಮಾಡುವುದೆಂದರೆ ತಪಸ್ಸು. ಆ ತಪಸ್ಸಿನ ಫಲವನ್ನೇ ನಾವು ಬಸ್ಸಾರಿನೊಂದಿಗೆ ಉಣ್ಣುತ್ತಿದ್ದೇವೆ. ಸಂಕರದ ನಂತರ ಹಲವು ತಲೆಮಾರು ಆಯ್ದು ಸ್ಥಿರಗೊಳಿಸಿದ ಕಾರಣ ಅದು ಇಂದು ಹೈಬ್ರಿಡ್ ಅಲ್ಲ, ಸುಧಾರಿತ ತಳಿ. ಹಾಸನದ ಆಲೂಗಡ್ಡೆಯ ಕಥೆಯೂ ಹಾಗೆಯೇ. ನಾವು ನಮ್ಮದೆಂದು ಹೆಮ್ಮೆಪಡುವ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದ ಸಂಕರದ ತಳಿ, ಅದರ ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಸಂಕರವೇ ರೋಗಕ್ಕೆ ಕಾರಣವಾಗಿದ್ದರೆ ಮುದ್ದೆಯನ್ನೂ ಪಲ್ಯವನ್ನೂ ನಾವು ಎಂದೋ ಬಿಡಬೇಕಿತ್ತು.

ಹಾಗಾದರೆ ಅಂಗಡಿಯ ಟೊಮೆಟೊಗೆ ರುಚಿ ಏಕಿಲ್ಲ ಎಂದು ಕೇಳುತ್ತೀರಿ. ಆ ದೂರು ನ್ಯಾಯವಾದದ್ದೇ. ದೂರದ ಮಾರುಕಟ್ಟೆಗಾಗಿ ಬೆಳೆಯುವ ತಳಿಗಳನ್ನು ಆಯುವಾಗ ಸಿಪ್ಪೆಯ ಗಟ್ಟಿತನಕ್ಕೆ ಬೆಲೆ ಹೆಚ್ಚು, ಮೇಲಾಗಿ ಹಣ್ಣನ್ನು ಪೂರ್ತಿ ಕೆಂಪಾಗುವ ಮೊದಲೇ ಕೀಳುತ್ತಾರೆ. ಹಿತ್ತಲಿನಲ್ಲಿ ಗಿಡದಲ್ಲೇ ಹಣ್ಣಾದದ್ದನ್ನು ಕಿತ್ತು ಸಾರಿಗೆ ಹಾಕಿದರೆ ಅದೇ ಹೈಬ್ರಿಡ್ ಕೂಡ ಬೇರೆಯೇ ರುಚಿ ಕೊಡುತ್ತದೆ. ರುಚಿ ಕಡಿಮೆ ಇರುವುದು ಬೇರೆ, ದೇಹಕ್ಕೆ ಕೇಡಾಗುವುದು ಬೇರೆ.

ನೀವು ನಿಜವಾಗಿ ಭಯಪಡಬೇಕಾದದ್ದು ಸಿಂಪಡಣೆಗೆ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂಬುದು ಡಬ್ಬಿಯ ಜೊತೆಗಿರುವ ಚೀಟಿಯಲ್ಲಿ ಬರೆದಿರುತ್ತದೆ. ನಿನ್ನೆ ಹೊಡೆದು ಇಂದು ಸಂತೆಗೆ ತಂದ ಬದನೆ ನಾಟಿಯಾದರೂ ಒಳ್ಳೆಯದಲ್ಲ. ಇಲ್ಲಿ ಹೈಬ್ರಿಡ್ ಕೆಲವೊಮ್ಮೆ ನಮ್ಮ ಸಹಾಯಕ್ಕೇ ಬರುತ್ತದೆ. ಹೆಸರಘಟ್ಟದ ಅರ್ಕಾ ರಕ್ಷಕ್ ಎಂಬ ಟೊಮೆಟೊ ಹೈಬ್ರಿಡ್, ಆದರೆ ಎಲೆ ಮುದುಡು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಹಲವು ಸಲ ಔಷಧಿ ಕುಡಿದ ನಾಟಿ ಟೊಮೆಟೊಗಿಂತ ಔಷಧಿಯನ್ನೇ ಕಾಣದ ಈ ಹೈಬ್ರಿಡ್ ಮಕ್ಕಳ ತಟ್ಟೆಗೆ ಎಷ್ಟೋ ಮೇಲು.

ಇನ್ನು ನಾಟಿಯೆಲ್ಲ ಅಮೃತ ಎಂಬುದೂ ಸರಿಯಲ್ಲ. ಮನೆಯಲ್ಲೇ ಎತ್ತಿಟ್ಟ ಬೀಜದ ಸೋರೆಕಾಯಿ ಕೆಲವೊಮ್ಮೆ ಕಹಿಯಾಗುತ್ತದೆ. ಆ ಕಹಿಗೆ ಕುಕುರ್ಬಿಟಾಸಿನ್ ಎಂಬ ವಸ್ತು ಕಾರಣ, ಅದು ವಾಂತಿಭೇದಿಯಿಂದ ಹಿಡಿದು ಹೊಟ್ಟೆಯೊಳಗಿನ ರಕ್ತಸ್ರಾವದವರೆಗೆ ತೊಂದರೆ ಕೊಡಬಲ್ಲದು, ಬೇಯಿಸಿದರೂ ಹೋಗುವುದಿಲ್ಲ. ಹೆಚ್ಚುವಾಗ ಸಣ್ಣ ತುಣುಕನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ. ದಯವಿಟ್ಟು ಇದನ್ನು ನಿಮ್ಮ ಅತ್ತೆಯವರಿಗೂ ತಿಳಿಸಿ.

ನೀವು ಕೇಳದಿದ್ದರೂ ನಾಟಿ ಬೀಜದ ನಿಜವಾದ ಉಪಯೋಗವನ್ನು ಹೇಳದೆ ಬಿಡಲಾರೆ. ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ, ಒಂದೊಂದು ಗಿಡ ಒಂದೊಂದು ಬಗೆ. ಆದ್ದರಿಂದ ಪ್ರತಿ ಸಲವೂ ಹಣ ಕೊಟ್ಟು ಕೊಳ್ಳಬೇಕು. ನಾಟಿ ಅಥವಾ ಸುಧಾರಿತ ತಳಿಯಾದರೆ ಬೀಜ ನಿಮ್ಮ ಮನೆಯದೇ. ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಸುಗುಣ ಹರಿವೆ ಇಂಥವು, ಒಮ್ಮೆ ಕೊಂಡರೆ ಸಾಕು. ರೈತರು ಬೀಜ ಉಳಿಸಿಕೊಳ್ಳುವ, ನೆಂಟರಿಷ್ಟರೊಡನೆ ಹಂಚಿಕೊಳ್ಳುವ ಹಕ್ಕನ್ನು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಿಂದಲೇ ಮಾನ್ಯ ಮಾಡಿದೆ. ಹೀಗಾಗಿ ನಾಟಿ ಬೀಜಕ್ಕೆ ನಾನು ಹೇಳುವ ಮೊದಲ ವಿಳಾಸ ಕಚೇರಿಯಲ್ಲ, ನಿಮ್ಮ ಊರಿನಲ್ಲೇ ಹೀರೆ ಚಪ್ಪರ ಹಾಕಿಕೊಂಡಿರುವ ಹಿರಿಯರ ಮನೆ.

ಬೀಜ ಎತ್ತುವುದನ್ನು ಅವರೆ, ಅಲಸಂದೆ, ಟೊಮೆಟೊಗಳಿಂದ ಆರಂಭಿಸಿ, ಇವು ಬಹುಮಟ್ಟಿಗೆ ತಮ್ಮೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಕೆಡುವುದು ಅಪರೂಪ. ಸೋರೆ, ಹೀರೆ, ಸೌತೆಗಳಿಗೆ ಜೇನು ಪಕ್ಕದ ಹಿತ್ತಲಿನ ಪರಾಗವನ್ನೂ ತರುತ್ತದೆ. ಸಂಜೆ ಸೋರೆಯ ಹೆಣ್ಣು ಹೂವು ಬಿರಿಯುವ ಹೊತ್ತಿಗೆ ಅದೇ ತಳಿಯ ಗಂಡು ಹೂವನ್ನು ನೀವೇ ತಂದು ಒತ್ತಿ, ಬಟ್ಟೆಯ ತುಂಡು ಸುತ್ತಿ, ದಾರ ಕಟ್ಟಿ ಗುರುತು ಮಾಡಿ. ಆ ಕಾಯಿಯನ್ನು ಅಡುಗೆಗೆ ಕೀಳದೆ ಬಳ್ಳಿಯಲ್ಲೇ ಒಣಗಲು ಬಿಡಿ. ಉಗುರು ನಾಟದಷ್ಟು ಗಟ್ಟಿಯಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವಾಗ ಇಳಿಸಿ, ಬೀಜ ಬಿಡಿಸಿ, ನೆರಳಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಗಾಜಿನ ಸೀಸೆಗೆ ತುಂಬಿ, ತಿಂಗಳು ಮತ್ತು ವರ್ಷವನ್ನು ಚೀಟಿಯಲ್ಲಿ ಬರೆದು ಅಂಟಿಸಿ.