ಡ್ರಮ್ ಸದ್ದಿಗೆ ದರ್ಶನವಾದರೆ ಶಾಮನ್ ಆದಂತೆಯೇ?

ಪ್ರಶ್ನೆ: ಎರಡು ದಿನಗಳ ಶಿಬಿರವೊಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಡ್ರಮ್ ಸದ್ದು ಕೇಳುತ್ತ ಮಲಗಿದ್ದಾಗ ನನಗೊಂದು ತೋಳ ಕಾಣಿಸಿತು, ನನ್ನೊಡನೆ ಮಾತನಾಡಿತು. ಅದು ನನ್ನ ಶಕ್ತಿಪ್ರಾಣಿ, ಅಂದರೆ ನನ್ನನ್ನು ಕಾಯುವ ಪ್ರಾಣಿರೂಪದ ಆತ್ಮ, ಎಂದು ಶಿಬಿರ ನಡೆಸಿದವರು ತಿಳಿಸಿದರು. ನಾನು ಈಗ ಶಾಮನ್, ಅಂದರೆ ಆತ್ಮಗಳೊಡನೆ ವ್ಯವಹರಿಸಿ ಜನರ ಕಾಯಿಲೆ ಕಳೆಯುವ ವ್ಯಕ್ತಿ, ಆದೆನೇ? ಬೇರೆಯವರಿಗೆ ಚಿಕಿತ್ಸೆ ಮಾಡಬಹುದೇ?

ಉತ್ತರ: ಇಲ್ಲ. ಪ್ರತಿ ಸಲ ಪ್ರಾಣಿಯಷ್ಟೇ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ ರೂಪದಲ್ಲಿ ಬರುತ್ತಲೇ ಇರುತ್ತದೆ. ಆದ್ದರಿಂದ ಈ ಸಲ ಉತ್ತರವನ್ನು ಬಿಡಿಸಿ ಬರೆಯುತ್ತಿದ್ದೇನೆ. ನಿಮಗಾದ ಅನುಭವ ಸುಳ್ಳೆಂದು ನಾನು ಹೇಳುವುದಿಲ್ಲ. ಸೆಕೆಂಡಿಗೆ ನಾಲ್ಕರಿಂದ ಏಳು ಪೆಟ್ಟುಗಳಂತೆ ಒಂದೇ ಲಯದಲ್ಲಿ ಡ್ರಮ್ ಬಾರಿಸುತ್ತಿದ್ದರೆ, ಕತ್ತಲಲ್ಲಿ ಮಲಗಿದ ಅನೇಕರಿಗೆ ಕನಸಿನಂತಹ ಸ್ಪಷ್ಟ ದೃಶ್ಯಗಳು ಕಾಣುತ್ತವೆ, ಮತ್ತು ಆ ದೃಶ್ಯಗಳು ಕಂಡವರ ಬದುಕಿಗೆ ಬೆಲೆಯುಳ್ಳವಾಗಿಯೂ ಇರಬಹುದು. ಆದರೆ ದರ್ಶನವಾಗುವುದು ಒಂದು ಅನುಭವ. ಶಾಮನ್ ಆಗಿರುವುದು ಒಂದು ಸಮುದಾಯದೊಳಗಿನ ಹೊಣೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದಕ್ಕೆ ಕಾರಣವಾದ ನಂಬಿಕೆಯೊಂದಿದೆ. ಎಷ್ಟು ಬಾರಿ ವಿವರಿಸಿದರೂ ಅಳಿಯದ ಆ ನಂಬಿಕೆಯನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಆ ನಂಬಿಕೆ ಹೀಗಿದೆ: ಶಾಮನಿಸಂ ಎಂಬುದು ಮನುಕುಲದ ಮೊದಲ ಧರ್ಮ, ಅದು ಸೈಬೀರಿಯಾದಿಂದ ಅಮೆಜಾನಿನವರೆಗೆ ಎಲ್ಲೆಡೆ ಒಂದೇ, ಸಾವಿರಾರು ವರ್ಷಗಳಿಂದ ಬದಲಾಗದೆ ಉಳಿದಿದೆ, ಅದರ ತಿರುಳು ಡ್ರಮ್ ಮತ್ತು ಆತ್ಮಲೋಕದ ಪಯಣ, ಉಳಿದದ್ದೆಲ್ಲ ಆಯಾ ಜನಾಂಗದ ಹೊರ ಉಡುಗೆ, ಅದನ್ನು ಕಳಚಿಟ್ಟರೂ ನಷ್ಟವಿಲ್ಲ. ಇದರಲ್ಲಿ ಒಂದು ಮಾತೂ ಪರಿಶೀಲನೆಗೆ ನಿಲ್ಲುವುದಿಲ್ಲ.

ಇದು ಎಲ್ಲಿಂದ ಬಂತೆಂಬುದು ಗುಟ್ಟೇನಲ್ಲ. ಧರ್ಮಗಳ ಇತಿಹಾಸಕಾರ ಮಿರ್ಚಾ ಎಲಿಯಾಡೆ 1951ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಆತ್ಮವು ದೇಹವನ್ನು ಬಿಟ್ಟು ಮೇಲಿನ ಅಥವಾ ಕೆಳಗಿನ ಲೋಕಕ್ಕೆ ಹೋಗಿಬರುವುದೇ ಶಾಮನಿಸಂನ ಮೂಲ ಲಕ್ಷಣವೆಂದೂ, ಆತ್ಮವೊಂದು ಮೈಮೇಲೆ ಬರುವುದು ಮುಂದೆ ಸೇರಿಕೊಂಡದ್ದೆಂದೂ ವಾದಿಸಿದರು. ಅವರು ಸೈಬೀರಿಯಾದಲ್ಲಿ ಕ್ಷೇತ್ರಕಾರ್ಯ ಮಾಡಿದವರಲ್ಲ. ಇತರರು ಬರೆದಿಟ್ಟ ವರದಿಗಳನ್ನು ಓದಿ ಹೊಂದಿಸಿದವರು. ಅನಂತರ 1950 ಮತ್ತು 60ರ ದಶಕಗಳಲ್ಲಿ ಎಕ್ವಡಾರಿನ ಶುಆರ್ ಮತ್ತು ಪೆರುವಿನ ಕೊನಿಬೊ ಜನರ ನಡುವೆ ಇದ್ದು ಬಂದ ಅಮೆರಿಕದ ಮಾನವಶಾಸ್ತ್ರಜ್ಞ ಮೈಕಲ್ ಹಾರ್ನರ್, ಎಲ್ಲ ಪರಂಪರೆಗಳಿಗೂ ಸಮಾನವೆಂದು ತಮಗೆ ತೋರಿದ ವಿಧಾನಗಳನ್ನಷ್ಟೇ ಆರಿಸಿ, 1980ರ ಹೊತ್ತಿಗೆ ಯಾರು ಬೇಕಾದರೂ ಕಲಿಯಬಹುದಾದ ‘ಕೋರ್ ಶಾಮನಿಸಂ’ ಎಂಬ ಅಭ್ಯಾಸಕ್ರಮವನ್ನು ರೂಪಿಸಿದರು. ನೀವು ಹೋದ ಶಿಬಿರದ ಕಣ್ಣುಪಟ್ಟಿ, ಡ್ರಮ್ ಮತ್ತು ಶಕ್ತಿಪ್ರಾಣಿಯ ಹುಡುಕಾಟ ಬಂದದ್ದು ಬಹುಮಟ್ಟಿಗೆ ಈ ದಾರಿಯಿಂದ. ಅದೂ ಒಂದು ಅಭ್ಯಾಸವೇ, ಪ್ರಾಮಾಣಿಕವಾಗಿ ನಡೆಸುವವರೂ ಇದ್ದಾರೆ. ಆದರೆ ಅದರ ವಯಸ್ಸು ಅರ್ಧ ಶತಮಾನ; ಅದಕ್ಕೆ ಶಿಲಾಯುಗದ ವಯಸ್ಸನ್ನು ಅಂಟಿಸುವುದು ಸರಿಯಲ್ಲ.

ಇನ್ನು ‘ಎಲ್ಲೆಡೆ ಒಂದೇ’ ಎಂಬ ಮಾತು. ಕೊರಿಯಾದ ಶಾಮನ್‌ಗಳಾದ ಮುದಾಂಗ್‌ಗಳನ್ನು ನೋಡಿ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ‘ಗುಟ್’ ಎಂಬ ವಿಧಿಯಲ್ಲಿ ದೇವತೆಗಳೂ ಸತ್ತ ಹಿರಿಯರೂ ಅವರ ಮೈಮೇಲೆ ಬಂದು ನೆರೆದವರೊಡನೆ ಮಾತನಾಡುತ್ತಾರೆ. ಅಂದರೆ ಅಲ್ಲಿ ಪಯಣ ಮಾಡುವುದು ಆತ್ಮಗಳೇ ಹೊರತು ಮುದಾಂಗ್ ಅಲ್ಲ. ಕೊರಿಯಾದ ದಕ್ಷಿಣ ಭಾಗದ ವಂಶಪಾರಂಪರ್ಯದ ಮುದಾಂಗ್‌ಗಳ ವಿಷಯ ಇನ್ನೂ ಸ್ಪಷ್ಟ: ಅವರಿಗೆ ಸಾಮಾನ್ಯವಾಗಿ ಆವೇಶವೂ ಬರುವುದಿಲ್ಲ, ದರ್ಶನವೂ ಬೇಕಿಲ್ಲ, ಮನೆತನದಲ್ಲಿ ಕಲಿತ ಹಾಡು, ಕುಣಿತ ಮತ್ತು ವಿಧಿಯ ಕ್ರಮವೇ ಅವರ ಅಧಿಕಾರ. ದರ್ಶನವೇ ತಿರುಳು ಎನ್ನುವವರು ಈ ಮಹಿಳೆಯರನ್ನು ಎಲ್ಲಿ ಇಡುತ್ತಾರೆ?

ಡ್ರಮ್ ಕೂಡ ಎಲ್ಲೆಡೆ ಇಲ್ಲ. ಪೆರುವಿನ ಅಮೆಜಾನ್ ಭಾಗದಲ್ಲಿ ಚಿಕಿತ್ಸೆ ನಡೆಯುವುದು ‘ಇಕಾರೊ’ ಎಂಬ ಹಾಡುಗಳಿಂದ, ತಂಬಾಕಿನ ಹೊಗೆಯಿಂದ, ಒಣ ಎಲೆಗಳ ಕಟ್ಟೊಂದರ ಸರಸರ ಸದ್ದಿನಿಂದ. ಆಗ್ನೇಯ ಏಷ್ಯಾದ ಬೆಟ್ಟಪ್ರದೇಶದ ಹ್ಮಾಂಗ್ ಜನರ ಶಾಮನ್ ಮುಖಕ್ಕೆ ಬಟ್ಟೆಯ ಮುಸುಕು ಹಾಕಿಕೊಂಡು, ಮರದ ಬೆಂಚನ್ನೇ ಕುದುರೆಯಾಗಿಸಿ ಏರಿ, ಜಾಗಟೆಯ ಸದ್ದಿಗೆ ರೋಗಿಯ ಕಳೆದುಹೋದ ಆತ್ಮವನ್ನು ಅರಸಿ ಹೊರಡುತ್ತಾರೆ. ಉತ್ತರ ಯುರೋಪಿನ ಸಾಮಿ ಜನರಲ್ಲಿ ಡ್ರಮ್ ಇತ್ತು, ಆದರೆ ಚಿತ್ರಗಳನ್ನು ಬರೆದ ಅದರ ಚರ್ಮದ ಮೇಲೆ ಸಣ್ಣ ಬಿಲ್ಲೆಯೊಂದು ಸರಿದು ನಿಲ್ಲುವ ಜಾಗವನ್ನು ನೋಡಿ ಮುಂದಿನದನ್ನು ತಿಳಿಯುವುದಕ್ಕೂ ಅದು ಬಳಕೆಯಾಗುತ್ತಿತ್ತು.

‘ಬದಲಾಗದೆ ಉಳಿದಿದೆ’ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವ ಮಾತು, ಏಕೆಂದರೆ ಅದು ಈ ಜನರ ಸಂಕಟದ ಇತಿಹಾಸವನ್ನೇ ಅಳಿಸಿಬಿಡುತ್ತದೆ. ಅದೇ ಸಾಮಿ ಡ್ರಮ್ ಇಟ್ಟುಕೊಂಡಿದ್ದಕ್ಕಾಗಿ ಆಂಡರ್ಸ್ ಪೌಲ್ಸೆನ್ ಎಂಬ ವೃದ್ಧನನ್ನು 1692ರಲ್ಲಿ ನಾರ್ವೆಯ ವಾಡ್ಸೊದಲ್ಲಿ ಮಾಟಗಾರನೆಂದು ವಿಚಾರಣೆಗೆ ಗುರಿಪಡಿಸಲಾಯಿತು, ತೀರ್ಪು ಬರುವ ಮೊದಲೇ ಆತ ಕೊಲೆಯಾದ. ಕಿತ್ತುಕೊಂಡ ಡ್ರಮ್ಮಿನ ಒಡೆತನ, ಆಗ ನಾರ್ವೆಯನ್ನೂ ಆಳುತ್ತಿದ್ದ ಡೆನ್ಮಾರ್ಕ್‌ನಿಂದ ಸಾಮಿ ಜನರಿಗೆ ಮರಳಿ ಬಂದದ್ದು 2022ರಲ್ಲಿ. ಸೋವಿಯತ್ ಆಳ್ವಿಕೆಯಲ್ಲಿ ಸೈಬೀರಿಯಾದ ಶಾಮನ್‌ಗಳು ಸೆರೆಮನೆ ಸೇರಿದರು, ಅವರ ಡ್ರಮ್‌ಗಳು ಮುಟ್ಟುಗೋಲಾದವು. ದಕ್ಷಿಣ ಕೊರಿಯಾದಲ್ಲಿ 1970ರ ದಶಕದ ಗ್ರಾಮೋದ್ಧಾರ ಚಳವಳಿಯ ಕಾಲಕ್ಕೆ ಗುಟ್ ವಿಧಿಯನ್ನು ಮೂಢನಂಬಿಕೆಯೆಂದು ಹತ್ತಿಕ್ಕಲಾಯಿತು. ಅದೇ ದೇಶದ ಜೆಜು ದ್ವೀಪದ ಗುಟ್ ಒಂದು 2009ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ರಷ್ಯಾದ ತುವಾ ಪ್ರಾಂತ್ಯದಲ್ಲಿ, ನಿಷೇಧದ ಕಾಲದಲ್ಲಿಯೂ ಶಾಮನ್‌ಗಳ ಹಾಡುಗಳನ್ನೂ ನೆನಪುಗಳನ್ನೂ ಸಂಗ್ರಹಿಸಿಟ್ಟಿದ್ದ ವಿದ್ವಾಂಸ ಮೊಂಗುಶ್ ಕೆನಿನ್-ಲೊಪ್ಸಾನ್ 1990ರ ದಶಕದಲ್ಲಿ ಶಾಮನ್‌ಗಳ ಸಂಘವನ್ನು ಕಟ್ಟಿದರು. ಈಗ ಅಲ್ಲಿಯ ಕಿಝಿಲ್ ನಗರದಲ್ಲಿ ಶಾಮನ್‌ಗಳು ಕೊಠಡಿಯಲ್ಲಿ ಕುಳಿತು ಬಂದವರನ್ನು ಸರದಿಯಂತೆ ನೋಡುತ್ತಾರೆ. ಬಹಳ ಪುರಾತನವೆಂದು ಎಲ್ಲರೂ ಹೇಳುವ, ದರ್ಶನ ತರುವ ಬಳ್ಳಿಯ ಕಷಾಯವಾದ ಅಯವಾಸ್ಕಾದ ಚಿಕಿತ್ಸೆಯೂ ಈಗ ನಾವು ಕಾಣುವ ರೂಪವನ್ನು ಪಡೆದದ್ದು ಕಳೆದ ಮೂರು ಶತಮಾನಗಳಲ್ಲಿ, ಪಶ್ಚಿಮ ಅಮೆಜಾನಿನ ಮಿಷನರಿ ವಸತಿಗಳ ಮತ್ತು ರಬ್ಬರ್ ವ್ಯಾಪಾರದ ನಡುವೆ ಎಂದು ಮಾನವಶಾಸ್ತ್ರಜ್ಞ ಪೀಟರ್ ಗೌ 1994ರಲ್ಲಿ ಬಲವಾದ ವಾದ ಮಂಡಿಸಿದ್ದಾರೆ. ಈ ಪರಂಪರೆಗಳು ಪೆಟ್ಟು ತಿಂದಿವೆ, ಬೌದ್ಧ ಮತ್ತು ಕ್ರೈಸ್ತ ಪ್ರಾರ್ಥನೆಗಳನ್ನು ಒಳಗೆ ತೆಗೆದುಕೊಂಡಿವೆ, ಅಡಗಿವೆ, ಮರಳಿ ಬಂದಿವೆ. ಅವು ಜೀವಂತವಾಗಿರುವುದು ಬದಲಾದ ಕಾರಣದಿಂದಲೇ.

ಈಗ ನಿಮ್ಮ ತೋಳದ ವಿಷಯಕ್ಕೆ ಬರೋಣ. ಹೆಚ್ಚಿನ ಪರಂಪರೆಗಳಲ್ಲಿ ಈ ಹೊಣೆಯನ್ನು ಯಾರೂ ಆಸೆಪಟ್ಟು ಪಡೆಯುವುದಿಲ್ಲ. ಕೊರಿಯಾದಲ್ಲಿ ‘ಸಿನ್‌ಬ್ಯೊಂಗ್’ ಎಂಬ ಕಾಯಿಲೆ ಬರುತ್ತದೆ: ಊಟ ಸೇರದು, ನಿದ್ದೆ ಬಾರದು, ನೋವು ಹೋಗದು, ಔಷಧಿ ನಾಟದು. ಎಷ್ಟೋ ಜನ ವರ್ಷಗಟ್ಟಲೆ ಅದನ್ನು ತಡೆದು ನೋಡಿ, ಕೊನೆಗೆ ದೀಕ್ಷೆಯ ವಿಧಿಗೆ ಒಪ್ಪುತ್ತಾರೆ. ಅನಂತರ ದೀಕ್ಷೆ ಕೊಟ್ಟ ಹಿರಿಯ ಮುದಾಂಗ್‌ಳನ್ನು ತಾಯಿಯೆಂದು ಭಾವಿಸಿ ಆಕೆಯ ಬಳಿ ದೀರ್ಘಕಾಲ ಕಲಿಯುತ್ತಾರೆ. ಕಲಿತದ್ದನ್ನು ಅಳೆಯುವವರು ನೆರೆದ ಜನ. ನಿಮ್ಮ ಶಿಬಿರದಲ್ಲಿ ಕರೆಯೂ ನಿಮ್ಮದೇ, ದರ್ಶನವೂ ನಿಮಗಾಗಿಯೇ. ನಿಮ್ಮನ್ನು ಗುರುತಿಸಿ ಕರೆದ ಸಮುದಾಯ ಅಲ್ಲಿರಲಿಲ್ಲ.

ಚಿಕಿತ್ಸೆ ಮಾಡಬಹುದೇ ಎಂಬುದಕ್ಕೆ ನನ್ನ ಉತ್ತರ ಇನ್ನೂ ಕಟುವಾಗಿದೆ. ಡ್ರಮ್ ಬಾರಿಸಿ ಗೆಳೆಯರೊಡನೆ ಮೌನವಾಗಿ ಕುಳಿತರೆ ಯಾರಿಗೂ ಕೆಡುಕಿಲ್ಲ. ಆದರೆ 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ, ಆದಿವಾಸಿ ಜನರ ಉಗಿಗುಡಿಸಲಿನ ವಿಧಿಯನ್ನು ಅನುಕರಿಸಿದ ಶಿಬಿರವೊಂದರಲ್ಲಿ ಬಿಸಿ ತಡೆಯಲಾರದೆ ಮೂವರು ಸತ್ತರು. ಅಯವಾಸ್ಕಾದ ಬಳ್ಳಿಯಲ್ಲಿರುವ ಹಾರ್ಮೀನ್ ಎಂಬ ವಸ್ತು ದೇಹದ ಒಂದು ಕಿಣ್ವವನ್ನು ತಡೆಯುತ್ತದೆ. ಖಿನ್ನತೆಗೆ ಕೊಡುವ ಸಾಮಾನ್ಯ ಮಾತ್ರೆಗಳನ್ನು ಸೇವಿಸುತ್ತಿರುವವರು ಅದನ್ನು ಕುಡಿದರೆ ಸಿರೊಟೋನಿನ್ ಎಂಬ ನರಸಂದೇಶದ ರಾಸಾಯನಿಕ ಮಿತಿಮೀರಿ ಪ್ರಾಣಕ್ಕೇ ಕುತ್ತು ಬರಬಹುದು. ಅದನ್ನು ಕೇಳಿ ತಿಳಿಯದೆ ಲೋಟ ಕೈಗಿಡುವವರು ವೈದ್ಯರೂ ಅಲ್ಲ, ಶಾಮನ್‌ಗಳೂ ಅಲ್ಲ. ಇದಕ್ಕೆ ವಿರುದ್ಧವಾಗಿ, ಕ್ಯಾಲಿಫೋರ್ನಿಯಾದ ಮರ್ಸೆಡ್ ಪಟ್ಟಣದ ಆಸ್ಪತ್ರೆಯೊಂದು 2009ರಲ್ಲಿ, ಅಲ್ಲಿಗೆ ವಲಸೆ ಬಂದು ನೆಲೆಸಿದ ಹ್ಮಾಂಗ್ ಜನರ ಶಾಮನ್‌ಗಳಿಗೆ ವಾರ್ಡಿನೊಳಗೆ ಬಂದು ಮೆಲುದನಿಯ ಮಂತ್ರ ಹೇಳಲು, ಆತ್ಮವನ್ನು ಕರೆಯುವ ವಿಧಿ ನಡೆಸಲು ಲಿಖಿತ ಅನುಮತಿ ನೀಡಿತು. ಅಲ್ಲಿ ಶಸ್ತ್ರಚಿಕಿತ್ಸೆ ವೈದ್ಯರ ಕೈಯಲ್ಲಿದೆ, ರೋಗಿಯ ಭಯ ಶಾಮನ್ ಕೈಯಲ್ಲಿದೆ, ಒಬ್ಬರು ಇನ್ನೊಬ್ಬರ ಜಾಗಕ್ಕೆ ಬರುವುದಿಲ್ಲ.

ಯಾರೂ ನೇರವಾಗಿ ಕೇಳದಿದ್ದರೂ ಇದರ ಹಿಂದೆ ನಿಂತಿರುವ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ರೋಗಿಯ ದೇಹದಿಂದ ಕಾಯಿಲೆಯನ್ನು ಹೀರಿ ತೆಗೆದು ತೋರಿಸುವ ಶಾಮನ್, ಅದು ಕೈಚಳಕವೆಂದು ತನಗೆ ಗೊತ್ತಿದ್ದರೆ, ಮೋಸಗಾರನೇ? ಕೆನಡಾದ ಪಶ್ಚಿಮ ಕರಾವಳಿಯ ಕ್ವಕ್ವಕವಕ್ ಜನರಲ್ಲಿ ಕೆಸಲಿಡ್ ಎಂಬಾತ ಶಾಮನ್‌ಗಳನ್ನು ನಂಬದೆ, ಅವರ ಗುಟ್ಟು ಬಯಲು ಮಾಡಲೆಂದೇ ಶಿಷ್ಯನಾಗಿ ಸೇರಿದ. ಬಾಯಿಯಲ್ಲಿ ಹಕ್ಕಿಯ ಮೆದುಗರಿ ಅಡಗಿಸಿ, ನಾಲಗೆ ಕಚ್ಚಿ ರಕ್ತದಲ್ಲಿ ಅದ್ದಿ, ಉಗುಳಿ ‘ಇದೇ ನಿನ್ನ ಕಾಯಿಲೆ’ ಎಂದು ತೋರಿಸುವುದನ್ನು ಕಲಿತ. ಬಯಲು ಮಾಡುವ ಮೊದಲೇ ರೋಗಿಯೊಬ್ಬನ ಮನೆಯಿಂದ ಕರೆ ಬಂತು, ಹೋದ, ರೋಗಿ ಗುಣವಾದ. ನೆರೆಯ ಜನರ ಶಾಮನ್‌ಗಳು ಬರಿಯ ಉಗುಳನ್ನಷ್ಟೇ ತೋರಿಸಿ ಸೋತ ಕಡೆಯೂ ಈತನ ವಿಧಾನ ಫಲಿಸಿತು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಈ ಆತ್ಮಕಥನವನ್ನು 1930ರಲ್ಲಿ ಪ್ರಕಟಿಸಿದರು, 1949ರಲ್ಲಿ ಕ್ಲಾದ್ ಲೆವಿ-ಸ್ಟ್ರಾಸ್ ಅದನ್ನು ಆಧರಿಸಿ ಬರೆದ ಲೇಖನದಿಂದ ಅದು ಪ್ರಸಿದ್ಧವಾಯಿತು. ಕೆಸಲಿಡ್ ಆಮೇಲೂ ಚಿಕಿತ್ಸೆ ಮುಂದುವರಿಸಿದ. ರೋಗಿಗೂ ಅವನ ಮನೆಯವರಿಗೂ ಕಾಯಿಲೆಗೊಂದು ಆಕಾರ ಕಂಡಿತು, ಅದು ಹೊರಗೆ ಹೋದದ್ದನ್ನು ಎಲ್ಲರೂ ಕೂಡಿ ನೋಡಿದರು. ಗುಣವಾದದ್ದರಲ್ಲಿ ಆ ನೋಟದ ಪಾಲು ದೊಡ್ಡದೆಂದು ನಾನು ನಂಬುತ್ತೇನೆ. ತಾನು ಕಂಡ ಒಬ್ಬನೇ ಒಬ್ಬ ಶಾಮನ್ ನಿಜವಾದವನಿರಬೇಕು ಎಂದು ಕೆಸಲಿಡ್ ಹೇಳುತ್ತಾನೆ, ಏಕೆಂದರೆ ಆತ ಗುಣವಾದವರಿಂದ ಏನನ್ನೂ ಪಡೆಯುತ್ತಿರಲಿಲ್ಲ. ಇದನ್ನು ಓದಿ, ಹಣ ಪಡೆಯುವವರೆಲ್ಲ ಕಪಟಿಗಳೆಂಬ ಹೊಸ ನಿಯಮ ಮಾಡಿಕೊಳ್ಳಬೇಡಿ. ಕೊರಿಯಾದ ಮನೆಗಳಲ್ಲಿ ಗುಟ್ ನಡೆಸುವುದಕ್ಕೆ ಬಹಿರಂಗವಾಗಿಯೇ ಹಣ ಕೊಡುತ್ತಾರೆ, ಮತ್ತು ವಿಧಿಯ ನಡುವೆ ದೇವತೆಗಳೂ ಮುದಾಂಗ್ ಬಾಯಿಂದಲೇ ಇನ್ನಷ್ಟು ಹಣ ಇಡಿ ಎಂದು ಮನೆಯವರನ್ನು ಕೇಳುತ್ತಾರೆ.