ವೆಟ್ ಬಲ್ಬ್ ತಾಪಮಾನ: ಬೆವರು ಆರದಿದ್ದರೆ ಏನಾಗುತ್ತದೆ?

ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ತೋರಿಸುವ ಅಂಕಿಯೇ ವೆಟ್ ಬಲ್ಬ್ ತಾಪಮಾನ. ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಹವಾಮಾನ ಬದಲಾವಣೆಯನ್ನು ಎಲ್ಲಿಂದ ಶುರು ಮಾಡಿ ಹೇಳಬೇಕು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕರಗುವ ಹಿಮ, ಏರುವ ಸಮುದ್ರ ಎಲ್ಲ ನಿಜ. ಆದರೆ ಅವು ಮಕ್ಕಳ ಕಣ್ಣಿಗೆ ದೂರ. ಸೆಕೆ ಮಾತ್ರ ಅವರ ಮೈಗೇ ತಾಗುತ್ತದೆ.

ಮೊದಲು ಮಾಡಿ ನೋಡಲಿ. ಶಾಲೆಯ ಲ್ಯಾಬಿನಿಂದ ಎರಡು ಥರ್ಮಾಮೀಟರ್ ತನ್ನಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಒಂದನ್ನು ಹಾಗೇ ಬಿಡಿ. ಇನ್ನೊಂದರ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ, ಕೋಣೆಯಲ್ಲೇ ಇಟ್ಟಿದ್ದ ನೀರಿನಲ್ಲಿ ನೆನೆಸಿ. ಎರಡನ್ನೂ ಫ್ಯಾನಿನ ಮುಂದೆ ಇಡಿ. ಒದ್ದೆ ಥರ್ಮಾಮೀಟರಿನ ಅಂಕಿ ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ನೀರು ಆವಿಯಾಗಲು ಬೇಕಾದ ಶಾಖವನ್ನು ಬುಡದಿಂದಲೇ ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಅದೇ ಪ್ರಯೋಗವನ್ನು ಜಡಿಮಳೆಯ ದಿನ ಇನ್ನೊಮ್ಮೆ ಮಾಡಿಸಿ. ಎರಡು ಅಂಕಿಗಳ ನಡುವೆ ಹೆಚ್ಚು ಅಂತರವೇ ಇರುವುದಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬಟ್ಟೆಯ ನೀರು ಆವಿಯಾಗಿ ಹೋಗುವುದಾದರೂ ಎಲ್ಲಿಗೆ?

ಆ ಒದ್ದೆ ಬಟ್ಟೆಯ ಜಾಗದಲ್ಲಿ ಈಗ ನಮ್ಮ ಬೆವರಿದ ಚರ್ಮವನ್ನು ಇಟ್ಟು ನೋಡಿ. ನಮ್ಮ ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ, ಚರ್ಮದ್ದು ಸುಮಾರು 35. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಮೈ ತಣಿಸಿಕೊಳ್ಳಲು ಉಳಿಯುವ ದಾರಿ ಒಂದೇ, ಬೆವರು. ಆದರೆ ಬೆವರು ಸುರಿದರೆ ಸಾಲದು, ಆರಬೇಕು.

ಲೆಕ್ಕ ಹಾಕಿ ನೋಡೋಣ. ರಾಯಚೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ, ಗಾಳಿಯ ತೇವಾಂಶ ಶೇ 20 ಎಂದುಕೊಳ್ಳಿ. ವೆಟ್ ಬಲ್ಬ್ ತಾಪಮಾನ ಸುಮಾರು 24 ಬರುತ್ತದೆ. ಅದೇ ಹೊತ್ತಿಗೆ ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 70 ಇದ್ದರೆ ಸುಮಾರು 29! ಪೇಪರಿನಲ್ಲಿ ರಾಯಚೂರಿನ ಅಂಕಿ ಹೆಡ್‌ಲೈನ್ ಆಗುತ್ತದೆ, ಮಂಗಳೂರಿನ ಸೆಕೆ ಯಾರ ಗಮನಕ್ಕೂ ಬರುವುದಿಲ್ಲ. ಹಾಗಂತ ಒಣ ಬಿಸಿಲು ಸುರಕ್ಷಿತ ಅಂತಲ್ಲ. ಅಲ್ಲಿ ಬೆವರು ಗೊತ್ತೇ ಆಗದಂತೆ ಆರಿಹೋಗುತ್ತದೆ, ಮೈಯ ನೀರು, ಉಪ್ಪು ಖಾಲಿಯಾಗುತ್ತವೆ. ಎರಡೂ ಕೊಲ್ಲುತ್ತವೆ, ದಾರಿ ಬೇರೆ ಅಷ್ಟೇ.

ವೆಟ್ ಬಲ್ಬ್ ತಾಪಮಾನ 35 ಡಿಗ್ರಿ ಮುಟ್ಟಿ ಕೆಲವು ಗಂಟೆ ಹಾಗೇ ನಿಂತರೆ, ನೆರಳಲ್ಲಿ ಕೂತು ಎಷ್ಟು ನೀರು ಕುಡಿದರೂ ಗಟ್ಟಿಮುಟ್ಟಾದ ಮನುಷ್ಯ ಉಳಿಯುವುದು ಕಷ್ಟ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ಅದು ಕಾಗದದ ಮೇಲಿನ ಮಿತಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯವರು ಆರೋಗ್ಯವಂತ ಯುವಕ ಯುವತಿಯರಿಂದಲೇ ಬಿಸಿ ಕೋಣೆಯಲ್ಲಿ ಹಗುರ ಚಟುವಟಿಕೆ ಮಾಡಿಸಿ ಅಳೆದು 2022ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಕೆಳಗಿತ್ತು. ತೇವದ ಗಾಳಿಯಲ್ಲಿ ವೆಟ್ ಬಲ್ಬ್ ಸುಮಾರು 31 ಡಿಗ್ರಿ ಆದಾಗಲೇ ಅವರ ಮೈ ಬಿಸಿ ಹತೋಟಿ ತಪ್ಪತೊಡಗಿತು. ಮುದುಕರಿಗೆ, ಹೃದಯದ ಕಾಯಿಲೆ ಇರುವವರಿಗೆ, ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಮಿತಿ ಅದಕ್ಕಿಂತಲೂ ಕಡಿಮೆ. ಪಾಕಿಸ್ತಾನದ ಜಾಕೋಬಾಬಾದ್, ಅರಬ್ ಎಮಿರೇಟ್ಸ್‌ನ ರಾಸ್ ಅಲ್ ಖೈಮಾ ಊರುಗಳು 35ರ ಗೆರೆಯನ್ನೂ ಸ್ವಲ್ಪ ಹೊತ್ತು ಮುಟ್ಟಿ ಬಂದಿವೆ.

ಇದಕ್ಕೂ ಹವಾಮಾನ ಬದಲಾವಣೆಗೂ ಏನು ಸಂಬಂಧ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿ ನಾವು ಭೂಮಿಯನ್ನು ಬಿಸಿ ಮಾಡುತ್ತಿದ್ದೇವೆ. ಸಮುದ್ರವೂ ಬಿಸಿಯಾಗಿ ತೇವ ಹೆಚ್ಚುತ್ತಿದೆ. ಹೀಗಾಗಿ ಕರಾವಳಿಗಳಿಗೆ, ಗಂಗೆ, ಸಿಂಧೂ ನದಿಗಳ ಬಯಲಿಗೆ ಎರಡು ಪೆಟ್ಟು ಒಟ್ಟಿಗೇ ಬೀಳುತ್ತವೆ.

ಇಷ್ಟು ಹೇಳಿ ಮಕ್ಕಳನ್ನು ಹೆದರಿಸಿ ಬಿಟ್ಟರೆ ಅದು ಪಾಠವಲ್ಲ. ಜನ ಏನು ಮಾಡಿದ್ದಾರೆ ಎಂಬುದನ್ನೂ ಅಷ್ಟೇ ವಿವರವಾಗಿ ಹೇಳಬೇಕು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪಮಾನ 46.8 ಡಿಗ್ರಿಗೆ ಏರಿತು. ಆ ತಿಂಗಳು ವಾಡಿಕೆಗಿಂತ 1,300ಕ್ಕೂ ಹೆಚ್ಚು ಜನ ಅಲ್ಲಿ ತೀರಿಕೊಂಡರು. ಆ ಊರು ಸುಮ್ನೆ ಕೂರಲಿಲ್ಲ. 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ತಂದಿತು. ಮುಂಚೆಯೇ ಎಚ್ಚರಿಕೆ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಅಲ್ಲಲ್ಲಿ ಕುಡಿಯುವ ನೀರು. ಆಮೇಲೆ ಬಡವರ ಮನೆಗಳ ಚಾವಣಿಗೆ ಬಿಳಿ ಬಣ್ಣವನ್ನೂ ಬಳಿಯತೊಡಗಿದರು. ಬಿಸಿಲನ್ನು ವಾಪಸ್ ಕಳಿಸುವ ಆ ಬಣ್ಣದಿಂದ ಒಳಗಿನ ಕಾವು ಇಳಿಯುತ್ತದೆ. ಕತಾರ್‌ನಲ್ಲಿ 2021ರಿಂದ ಒಂದು ನಿಯಮವಿದೆ. ಬಿಸಿಲು, ಗಾಳಿ, ತೇವ ಎಲ್ಲ ಸೇರಿಸಿ ಅಳೆಯುವ, ಇದೇ ಬಳಗದ ಇನ್ನೊಂದು ಸೂಚ್ಯಂಕ 32.1 ಡಿಗ್ರಿ ದಾಟಿದರೆ ಹೊರಗಿನ ಕೆಲಸ ನಿಲ್ಲಿಸಲೇಬೇಕು. ನಮ್ಮಲ್ಲೂ ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಚೇರಿಯವರಿಗೆ ಸಿಕ್ಕ ಈ ಅನುಕೂಲ ರಸ್ತೆಗೆ ಡಾಂಬರು ಹಾಕುವವರಿಗೂ ಸಿಗಬೇಕಲ್ವಾ? ಇದನ್ನು ಮಕ್ಕಳೇ ತರಗತಿಯಲ್ಲಿ ಚರ್ಚೆ ಮಾಡಲಿ.

"ಎಸಿ ಹಾಕಿದ್ರೆ ಆಯ್ತಲ್ವಾ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ. ಎಸಿ ಜೀವ ಉಳಿಸುತ್ತದೆ. ಆಸ್ಪತ್ರೆಗಳಿಗಂತೂ ಬೇಕೇ ಬೇಕು. ಆದರೆ ಅದು ಒಳಗಿನ ಬಿಸಿಯನ್ನು ಬೀದಿಗೆ ದೂಡುತ್ತದೆ. ಬೀದಿಯಲ್ಲಿ ತರಕಾರಿ ಮಾರುವವರಿಗೆ ಆ ಬಿಸಿಯೂ ಸೇರುತ್ತದೆ. ಮೇಲಾಗಿ ಭಾರತದ ಕರೆಂಟಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದು. ಅದೇ ಎಸಿಯನ್ನು ಪಾವಗಡದ ಸೋಲಾರ್ ಪಾರ್ಕಿನಂಥ ಕಡೆಯ ಕರೆಂಟಿನಿಂದ ಓಡಿಸಿದರೆ ಲೆಕ್ಕ ಬೇರೆಯೇ ಆಗುತ್ತದೆ. ಬಿಳಿ ಚಾವಣಿ, ನೆರಳು, ಬದಲಾದ ಕೆಲಸದ ಹೊತ್ತು ಇವೆಲ್ಲ ಇವತ್ತಿನ ಜೀವ ಉಳಿಸುತ್ತವೆ. ವೆಟ್ ಬಲ್ಬ್ ಅಂಕಿ ಮೇಲೇರುವುದನ್ನು ತಡೆಯಲು ಮಾತ್ರ ಕಲ್ಲಿದ್ದಲು, ಎಣ್ಣೆ ಉರಿಸುವುದನ್ನೇ ನಿಲ್ಲಿಸುತ್ತಾ ಬರಬೇಕು.