ಉಪ್ಪುನೀರಿಗೆ ಔಷಧಿ ಬಿಡುತ್ತಾ ಮೇಷ್ಟ್ರೇ?

ಪ್ರಶ್ನೆ: ನಮ್ಮ ಕಡೆ ಟೊಮೆಟೊಗೆ ಎಷ್ಟು ಔಷಧಿ ಹೊಡೆಯುತ್ತಾರೆಂದು ನಿಮಗೇ ಗೊತ್ತು. ನಾವು ಅರ್ಧ ಗಂಟೆ ಉಪ್ಪುನೀರಲ್ಲಿ ನೆನೆಸಿಯೇ ಅಡುಗೆಗೆ ಹಾಕುವುದು. ಹೀಗೆ ಮಾಡಿದರೆ ಹತ್ತಿಪ್ಪತ್ತು ವರ್ಷ ತಿಂದರೂ ಏನೂ ಆಗುವುದಿಲ್ಲ ತಾನೆ?
(ಕೋಲಾರದ ಓದುಗರೊಬ್ಬರು)

ಉತ್ತರ: ಇದನ್ನು ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಪಿಯುಸಿಯಲ್ಲಿ ನನ್ನ ಹತ್ತಿರವೇ ಕೆಮಿಸ್ಟ್ರಿ ಓದಿದ ಹುಡುಗಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, ಫೋನ್ ಮಾಡಿ ಕೇಳಿದಳು. ಅವಳ ಮೇಲೆ ಮಾತ್ರ ಸಿಟ್ಟು ಬಂತು.

ಉಪ್ಪಿನ ಪರವಾದ ವಾದ ಯಾವಾಗಲೂ ಒಂದೇ. "ಮಾವಿನಕಾಯಿಗೆ ಉಪ್ಪು ಹಾಕಿದರೆ ನೀರು ಬಿಡುತ್ತಲ್ಲ ಸಾರ್, ಹಾಗೇ ಟೊಮೆಟೊನೂ ವಿಷ ಬಿಡುತ್ತೆ." ಉಪ್ಪಿನಕಾಯಿಗೆ ನೀವು ಕಾಯಿಯನ್ನು ಹೋಳು ಮಾಡಿ ಹಿಡಿಗಟ್ಟಲೆ ಉಪ್ಪು ಸುರಿಯುತ್ತೀರಿ. ಇಲ್ಲಿರುವುದು ಮೇಣದಂಥ ಸಿಪ್ಪೆ ಹೊದ್ದ ಇಡೀ ಹಣ್ಣು, ಬೇಸಿನ್ ತುಂಬ ನೀರು, ಅದಕ್ಕೆ ಎರಡು ಚಮಚ ಉಪ್ಪು. ನೀರು ಬಿಟ್ಟಿತೆಂದೇ ಇಟ್ಟುಕೊಳ್ಳಿ, ಅದರ ಹಿಂದೆ ಔಷಧಿಯೂ ಹೊರಟು ಬರಬೇಕೆಂದು ಎಲ್ಲಿದೆ? ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್‌ನಂಥವಕ್ಕೆ ನೀರು ಕಂಡರಾಗದು, ಎಣ್ಣೆ ಮೇಣಗಳೇ ಇಷ್ಟ. ಸಿಪ್ಪೆಯ ಮೇಣದಲ್ಲಿ ಸೇರಿಕೊಂಡು ಕೂತಿರುತ್ತವೆ. ಎಣ್ಣೆ ಮೆತ್ತಿದ ತಟ್ಟೆಯನ್ನು ಉಪ್ಪುನೀರಲ್ಲಿ ಅದ್ದಿ ತೆಗೆದು ನೋಡಿ, ನಾನು ಹೇಳುವುದೇ ಬೇಡ.

ನನ್ನ ಮಾತು ಬೇಡವೆಂದರೆ ರೈತರನ್ನೇ ಕೇಳಿ. ಮಳೆ ಬಂದರೂ ತೊಳೆದುಹೋಗದಿರಲಿ ಅಂತ ಟ್ಯಾಂಕಿಗೆ ಗಮ್ ಬೆರೆಸಿ ಹೊಡೆದಿರುತ್ತಾರೆ. ಮಳೆಗೇ ಜಗ್ಗದ್ದು ನಿಮ್ಮ ಎರಡು ಚಮಚಕ್ಕೆ ಜಗ್ಗುತ್ತದೆಯೇ? ಇನ್ನು ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ಒಳಕ್ಕೇ ಇಳಿಯುತ್ತವೆ. ರಸ ಹೀರುವ ಬಿಳಿನೊಣ ಸಾಯಬೇಕಾದರೆ ರಸದಲ್ಲೇ ಔಷಧಿ ಇರಬೇಕಲ್ಲ! ಅದನ್ನು ಹೊರಗಿನಿಂದ ತೊಳೆಯುವ ವಿದ್ಯೆ ನನಗೆ ಗೊತ್ತಿಲ್ಲ.

ಹಾಗಾದರೆ ತೊಳೆಯುವುದೇ ದಂಡವೇ? ಅಲ್ಲ. ಅಮೆರಿಕದ ಕನೆಕ್ಟಿಕಟ್‌ನ ಕೃಷಿ ಪ್ರಯೋಗ ಕೇಂದ್ರದವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬರೀ ನಲ್ಲಿ ನೀರಿಗೆ 12 ಔಷಧಿಗಳ ಪೈಕಿ 9 ಕಡಿಮೆಯಾಗಿದ್ದವು. ನೀರಲ್ಲಿ ಕರಗುವ ಗುಣಕ್ಕೂ ಇದಕ್ಕೂ ಸಂಬಂಧವೇ ಕಾಣಲಿಲ್ಲ. ಕೆಲಸ ಮಾಡಿದ್ದು ಹರಿಯುವ ನೀರಿನ ರಭಸ, ಉಜ್ಜಾಟ. 2017ರಲ್ಲಿ ಅಲ್ಲಿನದೇ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬನ್ನು ಶೇ. 1ರ ಅಡುಗೆ ಸೋಡಾ ನೀರಲ್ಲಿ ನೆನೆಸಿದರು. ಮೇಲ್ಮೈಯಲ್ಲಿದ್ದ ಎರಡು ಔಷಧಿಗಳು 12ರಿಂದ 15 ನಿಮಿಷದಲ್ಲಿ ಹೋದವು. ಆದರೆ ಅದರಲ್ಲೊಂದು, ಥಯಾಬೆಂಡಜೋಲ್, ನೆನೆಸುವ ಮುಂಚೆಯೇ ಐದರಲ್ಲೊಂದು ಪಾಲು ಸಿಪ್ಪೆ ದಾಟಿ ಒಳಗೆ ಹೋಗಿಬಿಟ್ಟಿತ್ತು. ಉಪ್ಪುನೀರಿಗೂ ಮೇಲಿನದು ಒಂದಿಷ್ಟು ಹೋಗುತ್ತದೆ, ಇಲ್ಲವೆನ್ನುವುದಿಲ್ಲ. "ಎಲ್ಲಾ ಹೋಗುತ್ತೆ" ಅನ್ನುವುದಕ್ಕೆ ನನ್ನ ತಕರಾರು.

ಉಪ್ಪುನೀರಿಗೆ ಈ ಹೆಸರು ಬಂದದ್ದು ಬಹುಶಃ ಹೂಕೋಸಿನಿಂದ. ಹುಳು ಈಚೆ ಬರಲಿ ಅಂತ ನಮ್ಮಮ್ಮನೂ ಅದರಲ್ಲೇ ನೆನೆಸುತ್ತಿದ್ದರು. ಹುಳು ಬರುತ್ತಿತ್ತು, ನಿಜ. ಈಗ ಹುಳುವೇ ಇಲ್ಲದ ಹೂಕೋಸನ್ನು ನೆನೆಸಿ "ಕ್ಲೀನ್ ಆಯ್ತು" ಅನ್ನುತ್ತೇವೆ. ಹುಳು ಏಕಿಲ್ಲ ಅಂತ ಯಾರೂ ಕೇಳುವುದಿಲ್ಲ.

ಇನ್ನು ಹತ್ತಿಪ್ಪತ್ತು ವರ್ಷದ ಮಾತು. ಔಷಧಿ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ನೋಡಿದ್ದೀರಿ. ಹಸಿರು ಅಂದರೆ ಅಪಾಯವಿಲ್ಲ ಅಂತ ಅಂಗಡಿಯವರೂ ಹೇಳುತ್ತಾರೆ. ಆ ಬಣ್ಣ ಹೇಳುವುದು ಒಂದೇ ಸಲಕ್ಕೆ ಎಷ್ಟು ಹೊಟ್ಟೆಗೆ ಹೋದರೆ ಪ್ರಾಣ ಹೋಗುತ್ತದೆ ಅನ್ನುವುದನ್ನು. ದಿನಾ ಚೂರು ಚೂರು ಒಳಗೆ ಹೋದರೆ ಏನಾಗುತ್ತದೆ ಎಂಬುದರ ಲೆಕ್ಕ ಅದರಲ್ಲಿಲ್ಲ. ಅಂಗಮಾರಿ ರೋಗಕ್ಕೆ ಹೊಡೆಯುವ ಮ್ಯಾಂಕೋಜೆಬ್, ನಿಮ್ಮ ಬಾಯಲ್ಲಿ ಎಂ-45, ಹಸಿರು ಗುರುತಿನದು. ಅದು ಬೆಂದಾಗ ಇಟಿಯು ಎಂಬ ಪದಾರ್ಥ ಹುಟ್ಟುತ್ತದೆ, ಅದರ ಕಣ್ಣು ಥೈರಾಯ್ಡ್ ಮೇಲೆ. ಯುರೋಪ್ ಒಕ್ಕೂಟ 2020ರ ಕೊನೆಗೆ ಮ್ಯಾಂಕೋಜೆಬ್‌ನ ಅನುಮತಿ ಕಿತ್ತುಕೊಂಡಿತು. ಸಮಾಧಾನವೆಂದರೆ ಇದು ಮೇಲೆಯೇ ಕೂರುವ ಜಾತಿ. ಆದ್ದರಿಂದ ಒಲೆಗೆ ಇಡುವ ಮುಂಚೆ ಉಜ್ಜಿ ತೊಳೆದದ್ದು ವ್ಯರ್ಥವಲ್ಲ.

ಟೊಮೆಟೊ ತಿಂದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅನ್ನುವವರೂ ಇದ್ದಾರೆ, ಅವರ ಮಾತನ್ನೂ ನಂಬಬೇಡಿ. ಗಟ್ಟಿ ಪುರಾವೆ ಇರುವುದು ತಿನ್ನುವವರಿಗಿಂತ ಹೊಡೆಯುವವರ ಬಗ್ಗೆ, ಹೊಲದ ಪಕ್ಕದಲ್ಲೇ ಬದುಕುವ ಬಸುರಿಯರ ಬಗ್ಗೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಕೃಷಿ ಕೂಲಿಗಳ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಫಲಿತಾಂಶ ಹೇಳಿದರು: ಗರ್ಭದಲ್ಲಿದ್ದಾಗ ಆರ್ಗನೋಫಾಸ್ಫೇಟ್ (ಮೇಲೆ ಹೇಳಿದ ಕ್ಲೋರ್‌ಪೈರಿಫಾಸ್ ಈ ಜಾತಿಯದೇ) ಅತಿ ಹೆಚ್ಚು ತಗುಲಿದ ಮಕ್ಕಳ ಐಕ್ಯೂ ಏಳನೇ ವಯಸ್ಸಿಗೆ, ಅತಿ ಕಡಿಮೆ ತಗುಲಿದವರಿಗಿಂತ ಸರಾಸರಿ 7 ಅಂಕ ಕಡಿಮೆ. ನಮ್ಮಲ್ಲಿ ಬರಿಗಾಲಲ್ಲಿ, ಮೂತಿಗೆ ಟವೆಲ್ ಸುತ್ತಿ ಹೊಡೆಯುವವರು ಯಾರೂ ನನಗೆ ಪ್ರಶ್ನೆ ಕಳಿಸಿಲ್ಲ.

ನಿಮ್ಮ ತಟ್ಟೆಗೆ ಎಷ್ಟು ಬರುತ್ತದೆ ಎಂಬುದು ಅಡುಗೆಮನೆಗಿಂತ ಹೊಲದಲ್ಲಿ ನಿರ್ಧಾರವಾಗುತ್ತದೆ. ಹೊಡೆದ ಮೇಲೆ ಇಷ್ಟು ದಿನ ಕಾಯಿ ಬಿಡಿಸಬಾರದು ಅಂತ ಡಬ್ಬಿಯಲ್ಲೇ ಬರೆದಿರುತ್ತದೆ. 2023ರ ಜುಲೈನಲ್ಲಿ ನಮ್ಮ ಮಂಡಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಅಂಥ ರೇಟಿನಲ್ಲಿ ಡಬ್ಬಿ ಓದುತ್ತಾ ಕೂರುವವರು ಯಾರು?

ಇಷ್ಟು ಬರೆಯುವಾಗ ಇನ್ನೊಂದು ತಲೆಗೆ ಬಂತು, ನೀವು ಕೇಳಿಲ್ಲ. ಆ ಉಪ್ಪು ಹಾಕಿದ ನೀರು ಯಾವುದು? ಬೋರಿನದು ತಾನೆ? ಕೋಲಾರ, ಬಾಗೇಪಲ್ಲಿ, ಪಾವಗಡ ಕಡೆ ಬೋರು ಆಳಕ್ಕೆ ಹೋದಷ್ಟೂ ಕಲ್ಲಿನ ಫ್ಲೋರೈಡ್ ನೀರಿಗಿಳಿದಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಬಳಸಿದರೆ ಮಕ್ಕಳ ಹಲ್ಲು ಕಂದುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ ಹಿಡಿಯುತ್ತದೆ. ಅದಕ್ಕೇ ಕುಡಿಯಲು ಕ್ಯಾನ್ ತರುತ್ತೀರಿ, ಸರಿ. ಆದರೆ ಮುದ್ದೆಗೆ ಎಸರಿಡುವುದು? ಅನ್ನಕ್ಕೆ, ಬೇಳೆಗೆ? ನಲ್ಲಿ ನೀರೇ. ಕುದಿಸಿದರೆ ಹೋಗುತ್ತದೆಂಬ ಭ್ರಮೆ ಬೇಡ. ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಎರಡು ಲೀಟರನ್ನು ಒಂದಕ್ಕೆ ಇಳಿಸಿದಿರೋ, ಹೆಚ್ಚುಕಡಿಮೆ ಇಮ್ಮಡಿ ಗಟ್ಟಿ. ಮುದ್ದೆಗಂತೂ ಬಸಿಯುವ ಪ್ರಶ್ನೆಯೇ ಇಲ್ಲ, ಎಸರೆಲ್ಲ ಹಿಟ್ಟಿನೊಳಗೇ.

ನಮ್ಮ ಮನೆಯಲ್ಲಿ ಎಸರಿಗೂ ಕ್ಯಾನ್ ನೀರು ಇಡಲು ಶುರುಮಾಡಿದ ಮೇಲೆ ವಾರಕ್ಕೆ ಎರಡಿದ್ದ ಕ್ಯಾನು ನಾಲ್ಕಾಗಿದೆ. ಟೊಮೆಟೊಗೆ ಮಾತ್ರ ಈಗಲೂ ನಲ್ಲಿ ನೀರು, ಎರಡು ಕೈ.